ಮಕ್ಕಳು ಆಡಲಿ, ಮೈ ಬೆವರಲಿ



ಸ್ವಸಹಾಯ ಸಂಘಗಳ ಸಭೆಗಳಲ್ಲಿ ಮಕ್ಕಳ ಆರೋಗ್ಯದ ವಿಷಯ ಬಂದಾಗ ನಾವು ಊಟದ ಬಗ್ಗೆ, ಲಸಿಕೆಯ ಬಗ್ಗೆ, ಶುದ್ಧ ನೀರು ಮತ್ತು ಶೌಚಾಲಯದ ಬಗ್ಗೆ ಮಾತಾಡುತ್ತೇವೆ. ಆಟದ ಬಗ್ಗೆ ಮಾತು ಬರುವುದೇ ಇಲ್ಲ. ಬಂದರೂ ಅದು ದೂರಿನ ರೂಪದಲ್ಲಿ ಬರುತ್ತದೆ: "ಬರೇ ಆಡಕೋಂತ ತಿರಗತಾನ್ರೀ, ಪುಸ್ತಕ ಮುಟ್ಟಂಗಿಲ್ಲ" ಎಂದು. ಆಟ ಅಂದರೆ ಹೊತ್ತು ಕಳೆಯುವುದು, ಓದು ಕೆಡಿಸುವುದು ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಆದರೆ ಬೆಳೆಯುವ ಮಗುವಿಗೆ ರೊಟ್ಟಿ-ಪಲ್ಲೆ ಎಷ್ಟು ಮುಖ್ಯವೋ ಓಟ-ಜಿಗಿತವೂ ಅಷ್ಟೇ ಮುಖ್ಯ ಎಂಬುದನ್ನು ಈಗ ವೈದ್ಯಶಾಸ್ತ್ರ ಸ್ಪಷ್ಟವಾಗಿ ಹೇಳುತ್ತಿದೆ. ಅದನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ನಮ್ಮ ಊರುಗಳಿಗೆ ಹೊಂದುವಂತೆ ತಿಳಿಸಿ ಹೇಳುವುದು ಈ ಕರಪತ್ರದ ಉದ್ದೇಶ.

ದಿನಕ್ಕೆ ಎಷ್ಟು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಚಟುವಟಿಕೆ ಮಾಡಬೇಕು. ವಾರದಲ್ಲಿ ಕನಿಷ್ಠ 3 ದಿನ ಜೋರಾಗಿ ಓಡುವುದು, ಜಿಗಿಯುವುದು, ಹತ್ತುವುದು, ಎಳೆಯುವುದು ಇರಬೇಕು. ಅದರಿಂದ ಎಲುಬು ಮತ್ತು ಸ್ನಾಯು ಗಟ್ಟಿಯಾಗುತ್ತವೆ. 18 ವರ್ಷ ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ಎಂದು ಹೇಳಿದ್ದಾರೆ.

60 ನಿಮಿಷ ಒಂದೇ ಸಲಕ್ಕೆ ಆಗಬೇಕೆಂದಿಲ್ಲ. ಶಾಲೆಗೆ ನಡೆದು ಹೋಗುವ ಹತ್ತು-ಹದಿನೈದು ನಿಮಿಷ, ಮಧ್ಯಾಹ್ನದ ಬಿಡುವಿನ ಆಟ, ಸಂಜೆ ಓಣಿಯಲ್ಲಿ ಅರ್ಧ ಗಂಟೆ, ಎಲ್ಲಾ ಕೂಡಿ ಲೆಕ್ಕ ಬರುತ್ತದೆ. ಆದರೆ ಸುಮ್ಮನೆ ಅಡ್ಡಾಡಿದ್ದು ಲೆಕ್ಕಕ್ಕಿಲ್ಲ. ಇದನ್ನು ಅಳೆಯಲು ಗಡಿಯಾರ, ಯಂತ್ರ ಬೇಡ. ಮಗು ಆಡುವಾಗ ಮಾತಾಡಬಹುದು, ಆದರೆ ಹಾಡು ಹೇಳಲು ಉಸಿರು ಸಾಲದು ಎಂಬಂತಿದ್ದರೆ ಅದು ಮಧ್ಯಮ ಶ್ರಮ. ನಾಲ್ಕು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳಬೇಕಾದರೆ ಅದು ಜೋರು ಶ್ರಮ. ಮಗುವಿಗೆ ಎರಡೂ ಬೇಕು.

ಈ 60 ನಿಮಿಷ ಜಗತ್ತಿನಲ್ಲಿ ಎಷ್ಟು ಮಕ್ಕಳಿಗೆ ಸಿಗುತ್ತಿದೆ? 146 ದೇಶಗಳ ಸುಮಾರು 16 ಲಕ್ಷ ಶಾಲಾ ಮಕ್ಕಳ ಮಾಹಿತಿ ಸೇರಿಸಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಮಾಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. 11ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ 81 ಮಂದಿಗೆ ಇಷ್ಟು ಚಟುವಟಿಕೆ ಇಲ್ಲ ಎಂದು ಅದರಲ್ಲಿ ತಿಳಿದುಬಂತು. ಗಂಡು ಮಕ್ಕಳಲ್ಲಿ ನೂರಕ್ಕೆ 78, ಹೆಣ್ಣು ಮಕ್ಕಳಲ್ಲಿ ನೂರಕ್ಕೆ 85. ಹೆಣ್ಣು ಮಕ್ಕಳ ಈ ಲೆಕ್ಕಕ್ಕೆ ಮುಂದೆ ಮತ್ತೆ ಬರುತ್ತೇವೆ, ಏಕೆಂದರೆ ನಮ್ಮ ಭಾಗದಲ್ಲಿ ನಿಜವಾದ ಗಂಟು ಇರುವುದು ಅಲ್ಲಿಯೇ.

"ಇದು ಸಿಟಿ ಮಂದಿ ಮಾತು"

ಹೀಗೆ ಹೇಳುವವರು ಬಹಳ. ಹಳ್ಳಿ ಹುಡುಗರಿಗೆ ವ್ಯಾಯಾಮ ಏತಕ್ಕೆ, ಅವರು ದಿನಾ ಓಡಾಡುತ್ತಲೇ ಇರುತ್ತಾರಲ್ಲ ಎನ್ನುವುದು ಅವರ ಮಾತು. ಮೂವತ್ತು ವರ್ಷದ ಹಿಂದೆ ಇದು ನಿಜವಿತ್ತು. ಮಕ್ಕಳು ಎರಡು-ಮೂರು ಕಿಲೋಮೀಟರ್ ನಡೆದು ಹೈಸ್ಕೂಲಿಗೆ ಹೋಗುತ್ತಿದ್ದರು, ಹಳ್ಳದಿಂದ, ಬಾವಿಯಿಂದ ನೀರು ತರುತ್ತಿದ್ದರು, ದನ ಮೇಯಿಸುತ್ತಾ ಗುಡ್ಡ ಸುತ್ತುತ್ತಿದ್ದರು. ಈಗ ಮನೆ ಮುಂದೆ ನಳ ಬಂದಿದೆ. ಅದು ಒಳ್ಳೆಯದೇ, ತಾಯಂದಿರ ಸೊಂಟ ಉಳಿಯಿತು. ಶಾಲೆಗೆ ಟಂಟಂ, ಬಸ್ಸು ಅಥವಾ ಶಾಲಾ ವಾಹನ ಬಂದಿದೆ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು. ಎಷ್ಟೋ ಹೆಣ್ಣು ಮಕ್ಕಳು ಆ ಸೈಕಲ್ ತುಳಿದೇ ಹತ್ತನೇ ತರಗತಿ ಮುಗಿಸಿದರು. ಕೋವಿಡ್ ಬಂದ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು. ಅದೇ ವರ್ಷಗಳಲ್ಲಿ ಆನ್‌ಲೈನ್ ಪಾಠದ ಸಲುವಾಗಿ ಮಕ್ಕಳ ಕೈಗೆ ಮೊಬೈಲ್ ಬಂತು. ಪಾಠ ಮುಗಿಯಿತು, ಮೊಬೈಲ್ ಮಾತ್ರ ಕೈಯಲ್ಲೇ ಉಳಿಯಿತು. ಸೈಕಲ್ ಹೋಗಿ ಮೊಬೈಲ್ ಬಂದದ್ದು ಆರೋಗ್ಯದ ದೃಷ್ಟಿಯಿಂದ ಲಾಭದ ವ್ಯಾಪಾರ ಅಲ್ಲ.

ರಾಮದುರ್ಗದ ಕಡೆ ನೇಕಾರರ ಮನೆಗಳಲ್ಲಿ ಕಂಡಿಕೆ ಸುತ್ತುತ್ತಾ ಕುಳಿತ ಮಕ್ಕಳನ್ನು ನೋಡಿ. ಬೈಲಹೊಂಗಲ ಪೇಟೆಯ ಅಂಗಡಿಗಳಲ್ಲಿ ಸಂಜೆ ಗಲ್ಲಾಪೆಟ್ಟಿಗೆ ಹಿಂದೆ ಕುಳಿತ ಹುಡುಗರನ್ನು ನೋಡಿ. ಶಾಲೆಯಲ್ಲಿ ಆರು ತಾಸು ಕುಳಿತು ಬಂದವರು ಮನೆಯಲ್ಲಿ ಮತ್ತೆ ಕೂರುತ್ತಾರೆ. ಎಸ್.ಎಸ್.ಎಲ್.ಸಿ. ಮಕ್ಕಳದಂತೂ ಹೇಳುವುದೇ ಬೇಡ. ಟ್ಯೂಷನ್, ವಿಶೇಷ ತರಗತಿ, ರಾತ್ರಿ ಓದು. ಜೂನ್‌ನಿಂದ ಮಾರ್ಚ್‌ವರೆಗೆ ಅವರ ಮೈಗೆ ಬಿಸಿಲು ತಾಗುವುದೇ ಅಪರೂಪ.

ಇನ್ನು ಹೊಲದ ಕೆಲಸ. "ನಮ್ಮ ಹುಡುಗ ಹೊಲಕ್ಕ ಬರತಾನ್ರೀ, ಅದ ವ್ಯಾಯಾಮ ಅಲ್ಲೇನ್ರೀ?" ಎಂದು ಕೇಳುತ್ತಾರೆ. ಶಾಲೆ ಬಿಟ್ಟ ಮೇಲೆ ದನಕ್ಕೆ ಮೇವು ಹಾಕುವುದು, ಶೇಂಗಾ ಕೀಳಲು ಕೈಗೂಡಿಸುವುದು ಖಂಡಿತ ಮೈಗೆ ಒಳ್ಳೆಯದು. ಮಗು ಅದರಿಂದ ಕಲಿಯುತ್ತದೆ ಕೂಡ. ಆದರೆ ಕಬ್ಬು ಕಡಿಯಲು ಹೋದ ತಂದೆ-ತಾಯಿ ಜೊತೆ ಶಾಲೆ ಬಿಟ್ಟು ದಿನವಿಡೀ ಹೊರೆ ಹೊರುವುದು, ಹತ್ತಿಗೆ ಎಣ್ಣಿ ಹೊಡೆಯುವ ಪಂಪು ಬೆನ್ನಿಗೆ ಕಟ್ಟಿಕೊಳ್ಳುವುದು ವ್ಯಾಯಾಮ ಅಲ್ಲ, ದುಡಿಮೆ. ಬೆಳೆಯುವ ಬೆನ್ನು, ಮಂಡಿಯ ಮೇಲೆ ಮಿತಿ ಮೀರಿದ ಭಾರ ಬಿದ್ದರೆ ಗಟ್ಟಿಯಾಗುವ ಬದಲು ಕೆಡುತ್ತವೆ. 14 ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚುವುದನ್ನು 2016ರಲ್ಲಿ ತಿದ್ದುಪಡಿಯಾದ ಕಾನೂನು ನಿಷೇಧಿಸಿದೆ. ಶಾಲೆಯ ಸಮಯ ಬಿಟ್ಟು ಮನೆಯವರಿಗೆ ಸಹಾಯ ಮಾಡಲು ಮಾತ್ರ ಅವಕಾಶವಿದೆ. ಆಟದಲ್ಲಿ ಮಗು ದಣಿದಾಗ ತಾನೇ ಕೂತು ಸುಧಾರಿಸಿಕೊಳ್ಳುತ್ತದೆ. ದುಡಿಮೆಯಲ್ಲಿ ಆ ಸ್ವಾತಂತ್ರ್ಯ ಇರುವುದಿಲ್ಲ.

ಮೈಯೊಳಗೆ ಏನಾಗುತ್ತದೆ?

ಹೃದಯವೂ ಒಂದು ಸ್ನಾಯು. ಓಡುವ ಮಗುವಿನ ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ. ಆದ್ದರಿಂದ ಸುಮ್ಮನಿದ್ದಾಗ ಕಡಿಮೆ ಸಲ ಬಡಿದರೂ ಅದಕ್ಕೆ ಸಾಕಾಗುತ್ತದೆ. ಇದು ಮೊದಲು ಹೇಗೆ ಗೊತ್ತಾಯಿತು ಎಂಬ ಕಥೆ ನಮ್ಮ ಕೆಂಪು ಬಸ್ಸಿನಲ್ಲಿ ಓಡಾಡುವವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಲಂಡನ್ ನಗರದಲ್ಲಿ ಮಹಡಿ ಇರುವ ಬಸ್ಸುಗಳಿದ್ದವು. ಡ್ರೈವರ್ ದಿನವಿಡೀ ಕುಳಿತೇ ಇರುತ್ತಿದ್ದ, ಕಂಡಕ್ಟರ್ ಟಿಕೀಟು ಕೊಡಲು ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಇಬ್ಬರ ಮನೆ ಪರಿಸ್ಥಿತಿ ಹೆಚ್ಚು ಕಡಿಮೆ ಒಂದೇ. ಜೆರೆಮಿ ಮಾರಿಸ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಇವರನ್ನು ಹೋಲಿಸಿ ನೋಡಿದಾಗ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ, ಬಂದರೂ ತಡವಾಗಿ ಬರುತ್ತದೆ ಎಂದು ಕಂಡಿತು. 1953ರಲ್ಲಿ ಇದು ಪ್ರಕಟವಾಯಿತು. ಮೈಯ ಚಲನೆಗೂ ಹೃದಯಕ್ಕೂ ಇರುವ ಸಂಬಂಧವನ್ನು ಜಗತ್ತು ಗಂಭೀರವಾಗಿ ತೆಗೆದುಕೊಂಡದ್ದು ಅಲ್ಲಿಂದ ಮುಂದೆ.

ಎಲುಬಿನ ವಿಷಯ ಇನ್ನೂ ಮುಖ್ಯ, ಏಕೆಂದರೆ ಅದಕ್ಕೆ ಗಡುವು ಇದೆ. ಮನುಷ್ಯನ ಎಲುಬಿನ ಗಟ್ಟಿತನದ ಬಹುಪಾಲು 18-20 ವರ್ಷದೊಳಗೇ ಕೂಡಿಬರುತ್ತದೆ. ಜಿಗಿದಾಗ, ಓಡಿದಾಗ ಎಲುಬಿಗೆ ಸಣ್ಣ ಸಣ್ಣ ಏಟು ಬೀಳುತ್ತದೆ. ಆ ಏಟನ್ನು ಎಲುಬಿನೊಳಗಿನ ಜೀವಕೋಶಗಳು ಗುರುತಿಸಿ ಅಲ್ಲಿ ಹೆಚ್ಚು ಸುಣ್ಣದ ಅಂಶ ತುಂಬುತ್ತವೆ. ಇದನ್ನು ಸಂಘದ ಉಳಿತಾಯ ಪುಸ್ತಕದಂತೆ ತಿಳಿಯಿರಿ. ಇಪ್ಪತ್ತರವರೆಗೆ ತುಂಬಿದ್ದನ್ನು ಐವತ್ತರ ನಂತರ ತೆಗೆದು ಉಣ್ಣಬೇಕು. ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ಬೇಗ ಸವೆಯುತ್ತದೆ. ಬಚ್ಚಲಲ್ಲಿ ಜಾರಿಬಿದ್ದು ತೊಡೆ ಮುರಿದುಕೊಂಡ ಅಜ್ಜಿಯರು ಪ್ರತಿ ಊರಲ್ಲೂ ಇದ್ದಾರೆ. ಆ ಅಜ್ಜಿಯ ಮೊಮ್ಮಗಳು ಇಂದು ಹಗ್ಗ ಜಿಗಿದರೆ ಅವಳ ಖಾತೆಯಲ್ಲಿ ಜಮಾ ಆಗುತ್ತದೆ.

ಸಕ್ಕರೆ ಕಾಯಿಲೆ. ಇದನ್ನು ಶ್ರೀಮಂತರ ರೋಗ ಎನ್ನುವ ಕಾಲ ಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ದೊಡ್ಡ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ, ಇನ್ನೂ 13 ಕೋಟಿಗಿಂತ ಹೆಚ್ಚು ಜನ ಅದರ ಹೊಸ್ತಿಲಲ್ಲಿ ಇದ್ದಾರೆ ಎಂದು ಅದು ಅಂದಾಜು ಮಾಡಿತು. "ನಮ್ಮ ಮಕ್ಕಳು ಕಡ್ಡಿ ಇದ್ದಂಗ ಅದಾರ, ಅವರಿಗೇನು ಆಗತೈತಿ" ಎನ್ನಬೇಡಿ. ನಮ್ಮ ನೆರೆಯ ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಯಾಜ್ಞಿಕ್ ಅವರು ಸುತ್ತಲಿನ ಹಳ್ಳಿಗಳ ತಾಯಂದಿರನ್ನೂ ಕೂಸುಗಳನ್ನೂ 1990ರ ದಶಕದಿಂದ ಅಭ್ಯಾಸ ಮಾಡಿದ್ದಾರೆ. ನಮ್ಮ ಕೂಸುಗಳು ಹುಟ್ಟುವಾಗ ತೂಕದಲ್ಲಿ ಕಡಿಮೆ, ಆದರೆ ಆ ಸಣ್ಣ ಮೈಯಲ್ಲಿ ಸ್ನಾಯುವಿಗಿಂತ ಕೊಬ್ಬಿನ ಪಾಲು ಹೆಚ್ಚು ಎಂದು ಅವರು ತೋರಿಸಿದರು. ಹೊರಗೆ ತೆಳ್ಳಗೆ, ಒಳಗೆ ಕೊಬ್ಬು. ಇಂಥ ಮೈಗೆ ಮುಂದೆ ಸಕ್ಕರೆ ಕಾಯಿಲೆ ಬೇಗ ಅಂಟಿಕೊಳ್ಳುತ್ತದೆ. ಇದಕ್ಕೆ ಉತ್ತರ ಸ್ನಾಯು ಬೆಳೆಸುವುದು. ಉಂಡ ರೊಟ್ಟಿ-ಅನ್ನ ರಕ್ತದಲ್ಲಿ ಸಕ್ಕರೆಯಾಗುತ್ತದೆ, ದುಡಿಯುವ ಸ್ನಾಯು ಅದನ್ನು ಎಳೆದುಕೊಂಡು ಉರಿಸುತ್ತದೆ. ಸ್ನಾಯು ಸುಮ್ಮನಿದ್ದರೆ ಸಕ್ಕರೆ ರಕ್ತದಲ್ಲೇ ನಿಲ್ಲುತ್ತದೆ.

ಓದು ಕೆಡುತ್ತದೆ ಎಂಬ ಭಯಕ್ಕೆ ಬರೋಣ. ಓಡಿ ಬಂದ ಮಗುವಿನ ಮೆದುಳಿಗೆ ರಕ್ತ ಚೆನ್ನಾಗಿ ಹರಿಯುತ್ತದೆ, ಗಮನ ಹೆಚ್ಚು ಹೊತ್ತು ನಿಲ್ಲುತ್ತದೆ, ರಾತ್ರಿ ನಿದ್ದೆ ಗಾಢವಾಗಿ ಬರುತ್ತದೆ. ನಿದ್ದೆಯಲ್ಲಿಯೇ ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುತ್ತದೆ. ದಿನಾ ಆಡುವ ಹದಿಹರೆಯದವರಲ್ಲಿ ಮನಸ್ಸಿನ ಬೇಸರ, ಆತಂಕ ಕಡಿಮೆ ಇರುತ್ತದೆ. ಪರೀಕ್ಷೆ ಫಲಿತಾಂಶದ ದಿನ ಪತ್ರಿಕೆಯಲ್ಲಿ ಎಂಥ ಸುದ್ದಿ ಓದುತ್ತೇವೆ ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ ಎಂದು ತಿಳಿಯುತ್ತದೆ. ಒಂದು ಗಂಟೆಯ ಆಟ ಓದಿನಿಂದ ಕದ್ದ ಗಂಟೆ ಎಂದು ನಾವು ಒಪ್ಪುವುದಿಲ್ಲ.

ಕಣ್ಣಿನ ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ಆರು ಶಾಲೆಗಳ ಒಂದನೇ ತರಗತಿ ಮಕ್ಕಳಿಗೆ ದಿನಾ 40 ನಿಮಿಷ ಹೊರಗೆ ಬಯಲಲ್ಲಿ ಒಂದು ಹೆಚ್ಚಿನ ತರಗತಿ. ಉಳಿದ ಆರು ಶಾಲೆಗಳಲ್ಲಿ ಎಂದಿನಂತೆ. ಮೂರು ವರ್ಷದ ನಂತರ ಎಂದಿನಂತಿದ್ದ ಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ದೂರದ್ದು ಮಸುಕಾಗಿ ಕಾಣುವ ದೋಷ ಬಂದಿತ್ತು, ಹೊರಗೆ ಹೋದವರಲ್ಲಿ ನೂರಕ್ಕೆ 30 ಮಂದಿಗೆ. 2015ರಲ್ಲಿ ಪ್ರಕಟವಾದ ಲೆಕ್ಕ ಇದು. ಬಯಲ ಬೆಳಕು ಬೆಳೆಯುವ ಕಣ್ಣನ್ನು ಕಾಯುತ್ತದೆ. ಬಿಸಿಲಿನಲ್ಲಿ ಸಿಗುವ ಡಿ ಜೀವಸತ್ವ ಎಲುಬಿಗೆ ಬೇಕು, ಅದು ಬೇರೆ.

ದೊಡ್ಡವಳಾದ ಮೇಲೆ

ಈಗ ಹೆಣ್ಣು ಮಕ್ಕಳ ಮಾತು. ಐದನೇ ತರಗತಿವರೆಗೆ ನಮ್ಮ ಊರಿನ ಹುಡುಗಿಯರು ಹುಡುಗರಿಗಿಂತ ಜೋರಾಗಿ ಓಡುತ್ತಾರೆ. ಕುಂಟಾಟದಲ್ಲಿ, ಖೋಖೋದಲ್ಲಿ ಅವರನ್ನು ಹಿಡಿಯುವವರಿಲ್ಲ. ದೊಡ್ಡವಳಾದ ದಿನದಿಂದ ಎಲ್ಲಾ ನಿಲ್ಲುತ್ತದೆ. "ಇನ್ನ ಓಣ್ಯಾಗ ಜಿಗಿದಾಡಬ್ಯಾಡ, ನೋಡಿದವರು ಏನಂದಾರು?" ಎಂದು ಮನೆಯಲ್ಲಿ ಹೇಳುತ್ತಾರೆ. ಶಾಲೆಯಲ್ಲಿ ಆಟದ ಅವಧಿ ಬಂದರೆ ಹುಡುಗರು ಮೈದಾನಕ್ಕೆ, ಹುಡುಗಿಯರು ಮರದ ಕೆಳಗೆ. ಎಲುಬು ತುಂಬಿಕೊಳ್ಳಬೇಕಾದ, ಹೃದಯ ಬಲಿಯಬೇಕಾದ 12ರಿಂದ 18ರ ವಯಸ್ಸು ಹೀಗೆ ಕೂತು ಕಳೆಯುತ್ತದೆ. ನಂತರ ಮದುವೆ, ಬಸಿರು, ಬಾಣಂತನ. ಆಡದ ಮೈಯನ್ನೇ ಹೊತ್ತು ಅವಳು ಇದನ್ನೆಲ್ಲಾ ದಾಟಬೇಕು. ಅವಳ ಮೈಯಲ್ಲಿ ಕೊರತೆಯಾದದ್ದು ಅವಳ ಕೂಸಿಗೂ ಹೋಗುತ್ತದೆ ಎಂಬುದನ್ನು ಪುಣೆಯ ವೈದ್ಯರು ಹೇಳಿದ್ದನ್ನು ಮೇಲೆ ಓದಿದಿರಿ.

ಮುಟ್ಟಿನ ದಿನಗಳಲ್ಲಿ ಆಡಬಾರದು ಎಂಬುದಕ್ಕೆ ವೈದ್ಯಕೀಯ ಕಾರಣ ಇಲ್ಲ. ಹೊಟ್ಟೆನೋವು ಬಹಳ ಇದ್ದರೆ ವಿಶ್ರಾಂತಿ ತೆಗೆದುಕೊಳ್ಳಲಿ. ಇಲ್ಲದಿದ್ದರೆ ಹಗುರಾದ ಓಟ-ನಡಿಗೆಯಿಂದ ಎಷ್ಟೋ ಮಕ್ಕಳಿಗೆ ನೋವು ಕಡಿಮೆಯೇ ಆಗುತ್ತದೆ. ಅಡ್ಡಿ ಇರುವುದು ಬೇರೆ ಕಡೆ: ಬಟ್ಟೆ ಬದಲಾಯಿಸಲು ಶಾಲೆಯಲ್ಲಿ ಬಾಗಿಲು ಹಾಕಿಕೊಳ್ಳುವ ಶೌಚಾಲಯ, ಅದರಲ್ಲಿ ನೀರು ಇದೆಯೇ ಎಂಬುದು. ಅದು ಇಲ್ಲದ ಶಾಲೆಯಲ್ಲಿ ಹುಡುಗಿ ಆಡಲು ಇಳಿಯುವುದಿಲ್ಲ. ಅವಳನ್ನು ನಾಚಿಕೆ ಸ್ವಭಾವದವಳು ಎಂದು ದೂರಿ ಪ್ರಯೋಜನ ಇಲ್ಲ.

ಇನ್ನೊಂದು ಅಡ್ಡಿ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತ ಕಡಿಮೆ. ಎರಡು ಸುತ್ತು ಓಡಿದೊಡನೆ ಏದುಸಿರು, ಕಣ್ಣು ಕತ್ತಲು ಬರುವ ಹುಡುಗಿಗೆ ಸೋಮಾರಿ ಎನ್ನಬೇಡಿ, ಅವಳ ರಕ್ತ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಕಿಟಕಿಯಿಂದ ಹೊರಗೆ ಎಸೆಯುವ ಮಕ್ಕಳಿದ್ದಾರೆ. ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಜಂತುಹುಳದ ಮಾತ್ರೆಯನ್ನೂ ತಪ್ಪಿಸಬೇಡಿ. ಪುಂಡಿಪಲ್ಲೆ, ಮೊಳಕೆ ಬಂದ ಮಡಿಕೆಕಾಳು, ಅದರ ಜೊತೆ ಲಿಂಬೆ ಹುಳಿ, ಶೇಂಗಾ-ಬೆಲ್ಲ, ಸಿಗುವವರಿಗೆ ತತ್ತಿ, ಇವೆಲ್ಲಾ ನಮ್ಮ ಅಡುಗೆಮನೆಯವೇ. ಚಹಾ ಮಾತ್ರ ಊಟದ ಜೊತೆ ಬೇಡ, ಅದು ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ.

"ನೋಡಿದವರು ಏನಂದಾರು" ಎನ್ನುವವರಿಗೆ ನಾವು ಒಂದು ಮಾತು ಕೇಳುತ್ತೇವೆ. ನಮ್ಮ ಊರುಗಳಲ್ಲಿ ಯಾರ ಹೆಸರಿನಲ್ಲಿ ಸರ್ಕಲ್‌ಗಳಿವೆ, ಯಾರ ಮೂರ್ತಿಗಳಿವೆ? 1824ರಲ್ಲಿ ಕುದುರೆ ಏರಿ ಇಂಗ್ಲಿಷರನ್ನು ಎದುರಿಸಿದ ಕಿತ್ತೂರಿನ ರಾಣಿ ಚೆನ್ನಮ್ಮನ ಹೆಸರಿನಲ್ಲಿ. ಆಕೆ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡರು, ಸಮಾಧಿ ಅಲ್ಲಿಯೇ ಇದೆ. ವರ್ಷಕ್ಕೊಮ್ಮೆ ಅಕ್ಟೋಬರದಲ್ಲಿ ಕಿತ್ತೂರು ಉತ್ಸವ ಮಾಡಿ ಆಕೆಗೆ ಹಾರ ಹಾಕಿ, ಮನೆಗೆ ಬಂದು ಮಗಳಿಗೆ ಓಡಬೇಡ ಎನ್ನುವುದು ಯಾವ ನ್ಯಾಯ? ಕಿತ್ತೂರಿನಲ್ಲಿ 1969ರಲ್ಲಿ ರಾಣಿ ಚೆನ್ನಮ್ಮನ ಹೆಸರಿನಲ್ಲೇ ಹೆಣ್ಣು ಮಕ್ಕಳ ವಸತಿ ಸೈನಿಕ ಶಾಲೆ ಆರಂಭವಾಯಿತು. ಅಲ್ಲಿ ಹುಡುಗಿಯರು ಕವಾಯತು ಮಾಡುತ್ತಾರೆ, ಕುದುರೆ ಸವಾರಿ ಕಲಿಯುತ್ತಾರೆ. ಬೆಳಗಾವಿ ತಾಲೂಕಿನ ತುರಮರಿಯ ರೈತ ಕುಟುಂಬದ ಮಲಪ್ರಭಾ ಜಾಧವ 2018ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ, ಕುಸ್ತಿಯನ್ನು ಹೋಲುವ ಕುರಾಶ್ ಆಟದಲ್ಲಿ ಕಂಚಿನ ಪದಕ ಗೆದ್ದರು. ನಮ್ಮ ಹೊಳೆಯ ಹೆಸರಿನ ಹುಡುಗಿ. ಎಲ್ಲರೂ ಪದಕ ತರಬೇಕೆಂದು ನಾವು ಹೇಳುತ್ತಿಲ್ಲ. ಆಡಲು ಬಿಡಿ ಎನ್ನುತ್ತಿದ್ದೇವೆ ಅಷ್ಟೇ.

ರೊಕ್ಕ ಬೇಡದ ಆಟಗಳು

ಆಟಕ್ಕೆ ದೊಡ್ಡ ಮೈದಾನ, ದುಬಾರಿ ಬ್ಯಾಟು ಬೇಕೆಂದಿಲ್ಲ. ಹುತುತು, ಲಗೋರಿ, ಚಿಣಿಪಣಿ, ಕುಂಟಾಟ, ಗಿಡಮಂಗನ ಆಟ, ಹಗ್ಗ ಜಿಗಿತ, ಫುಗಡಿ, ಇವು ನಮ್ಮ ಅಜ್ಜ-ಅಜ್ಜಿಯರ ಆಟಗಳು. ಆರೋಗ್ಯದ ಕಣ್ಣಿನಿಂದ ನೋಡಿದರೆ ಇವುಗಳಲ್ಲಿ ಏನೂ ಕೊರತೆ ಇಲ್ಲ. ಕುಂಟಾಟದಲ್ಲಿ ಒಂದೇ ಕಾಲಿನ ಮೇಲೆ ಜಿಗಿಯುವುದು ಎಲುಬಿಗೆ ಅತ್ಯುತ್ತಮ. ಹುತುತುವಿನಲ್ಲಿ ಉಸಿರು, ಓಟ, ಬಲ ಮೂರೂ ಇವೆ. ಗಿಡಮಂಗನ ಆಟದಲ್ಲಿ ತೋಳಿಗೆ, ಬೆನ್ನಿಗೆ ಕೆಲಸ. ನಾಗರಪಂಚಮಿಗೆ ಬೇವಿನ ಮರಕ್ಕೆ ಕಟ್ಟುವ ಜೋಕಾಲಿಯನ್ನು ನಿಂತು ಜೀಕಿದ ಹೆಣ್ಣು ಮಗಳಿಗೆ ಮರುದಿನ ತೊಡೆ ನೋಯುತ್ತದಲ್ಲ, ಅದು ಎಷ್ಟು ಒಳ್ಳೆಯ ವ್ಯಾಯಾಮ ಎಂಬುದಕ್ಕೆ ಸಾಕ್ಷಿ. ಆದರೆ ಪಂಚಮಿ ವರ್ಷಕ್ಕೊಮ್ಮೆ.

ಗರಡಿ ಮನೆಗಳು ಕೆಲವು ಊರುಗಳಲ್ಲಿ ಉಳಿದಿವೆ, ಕೆಲವು ಕಡೆ ಬೀಗ ಬಿದ್ದಿದೆ. ದಂಡ, ಬೈಠಕ್ ಹೊಡೆಯಲು ಯಂತ್ರ ಬೇಡ. ಈಗ ಪಟ್ಟಣದಲ್ಲಿ ಜಿಮ್ ಬಂದಿವೆ. ಯುವಕರು ಹೋಗಲಿ, ತಪ್ಪಿಲ್ಲ. ಆದರೆ ಮೂರು ತಿಂಗಳಲ್ಲಿ ಮೈ ಉಬ್ಬಿಸುತ್ತೇವೆ ಎಂದು ಮಾರುವ ಪುಡಿ, ಗುಳಿಗೆ, ಇಂಜೆಕ್ಷನ್‌ಗಳ ಹತ್ತಿರ ಹೋಗಬೇಡಿ. ಅವುಗಳಲ್ಲಿ ಸ್ಟಿರಾಯ್ಡ್ ಇದ್ದರೆ ಯಕೃತ್ತಿಗೆ, ಹೃದಯಕ್ಕೆ, ಮುಂದೆ ಮಕ್ಕಳಾಗುವುದಕ್ಕೂ ಕುತ್ತು. ಇನ್ನು ಗುಟಕಾ ಬಾಯಲ್ಲಿಟ್ಟು ಆಡುವ ಕ್ರಿಕೆಟ್ ಬಗ್ಗೆ ನಾವು ಏನು ಹೇಳಬೇಕು! ನಮ್ಮ ಕಡೆಯ ಟೂರ್ನಮೆಂಟುಗಳಲ್ಲಿ ಆಡುವವರು ಇಪ್ಪತ್ತೆರಡು, ಕೂತು ನೋಡುವವರು ಐನೂರು. ನೋಡಿದ್ದು ಆಡಿದ್ದಾಗುವುದಿಲ್ಲ.

ಸವದತ್ತಿ, ರಾಮದುರ್ಗದ ಎರಿ ಭೂಮಿಯಲ್ಲಿ ಮಳೆ ಬಂದರೆ ಕಾಲಿಗೆ ಮಣ್ಣು ಮೆತ್ತಿ ಓಡಲಾಗುವುದಿಲ್ಲ. ಕಿತ್ತೂರಿನ ಕಡೆ ಮಲೆನಾಡಿನ ಸೆರಗು, ಮಳೆ ಹಿಡಿದರೆ ಬಿಡುವುದಿಲ್ಲ. ಅಂಥ ದಿನಗಳಲ್ಲಿ ಸಮುದಾಯ ಭವನ, ಶಾಲೆಯ ಪಡಸಾಲೆ, ಧರ್ಮಕೇಂದ್ರದ ಸಭಾಂಗಣ ಉಪಯೋಗಿಸಬಹುದು. ಹಗ್ಗ ಜಿಗಿತಕ್ಕೂ ಫುಗಡಿಗೂ ಹತ್ತು ಅಡಿ ಜಾಗ ಸಾಕು. ಏಪ್ರಿಲ್-ಮೇ ಬಿಸಿಲಿನಲ್ಲಿ ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ನಂತರ ಆಡಲಿ. ಆಡುವ ಮೊದಲು, ನಡುನಡುವೆ ನೀರು ಕುಡಿಯಲಿ. ಆಡಿ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆಗಿಂತ ಒಳ್ಳೆಯದು ಪೇಟೆಯ ಬಾಟಲಿಯಲ್ಲಿ ಸಿಗುವುದಿಲ್ಲ. ಮಲಪ್ರಭೆಯಲ್ಲಿ, ಬಾವಿ, ಕೃಷಿಹೊಂಡಗಳಲ್ಲಿ ಈಜು ಬಲ್ಲ ದೊಡ್ಡವರಿಲ್ಲದೆ ಮಕ್ಕಳು ಇಳಿಯಬಾರದು. ಮರಳು ತೆಗೆದ ಗುಂಡಿಗಳು ಮೇಲಿಂದ ಕಾಣುವುದಿಲ್ಲ.

ಅಂಗನವಾಡಿ ಕೂಸುಗಳಿಗೂ ಇದು ಬೇಕು. 1ರಿಂದ 4 ವರ್ಷದ ಮಕ್ಕಳು ದಿನದಲ್ಲಿ 180 ನಿಮಿಷ ಓಡಾಡಿಕೊಂಡಿರಬೇಕು, 2 ವರ್ಷದೊಳಗಿನವರಿಗೆ ಟಿ.ವಿ., ಮೊಬೈಲ್ ಬೇಡವೇ ಬೇಡ, ನಂತರವೂ ದಿನಕ್ಕೆ ಒಂದು ತಾಸು ಮೀರಬಾರದು ಎಂದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಊಟ ಮಾಡಿಸಲು ಮೊಬೈಲ್ ತೋರಿಸುವ ತಾಯಂದಿರು ಇದನ್ನು ಗಮನಿಸಬೇಕು.

ಆಡುವಾಗ ಮಗು ಎಚ್ಚರ ತಪ್ಪಿ ಬಿದ್ದರೆ, ಎದೆನೋವು ಎಂದರೆ, ತುಟಿ ನೀಲಿಯಾದರೆ, ಅಥವಾ ಓರಗೆಯವರಿಗಿಂತ ಬಹಳ ಬೇಗ ಉಸಿರು ಕಟ್ಟಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಪದೇ ಪದೇ ಗಂಟಲು ನೋವು ಬಂದು, ಆಮೇಲೆ ಕೀಲುಗಳು ಬಾತುಕೊಂಡು ನೋಯುವ ಮಗುವಿನ ಹೃದಯದ ಕವಾಟಕ್ಕೆ ಪೆಟ್ಟು ಬಿದ್ದಿರಬಹುದು. ಶಾಲೆ, ಅಂಗನವಾಡಿಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಕ್ಕೆ ಇದನ್ನು ತಿಳಿಸಿ. ದಮ್ಮು ಇರುವ ಮಕ್ಕಳನ್ನು ಪೂರ್ತಿ ಕೂಡಿಸಬೇಕಿಲ್ಲ, ವೈದ್ಯರು ಹೇಳಿದ ಔಷಧಿ ತೆಗೆದುಕೊಂಡು ಅವರೂ ಆಡಬಹುದು. ಅಂಗವಿಕಲ ಮಕ್ಕಳಿಗೂ ಇದೇ 60 ನಿಮಿಷದ ಮಾತು ಅನ್ವಯಿಸುತ್ತದೆ. ಅವರನ್ನು ಗೆರೆಯ ಹೊರಗೆ ಅಂಕ ಬರೆಯಲು ಕೂಡಿಸುವುದನ್ನು ಬಿಟ್ಟು, ಅವರಿಗೆ ಹೊಂದುವಂತೆ ಆಟದ ನಿಯಮ ಬದಲಿಸಿ.

ಜಾಗ ಯಾರು ಕೊಡಬೇಕು?

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೆ ಆಟದ ಮೈದಾನ ಇರಬೇಕು, ಪ್ರತಿ ತರಗತಿಗೆ ಅಗತ್ಯವಿರುವಂತೆ ಆಟದ ಸಾಮಾನು ಕೊಡಬೇಕು ಎಂದು ಬರೆದಿದೆ. 6ರಿಂದ 8ನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರೂ ಇರಬೇಕು. ಇದು ಕಾನೂನು, ಕೇಳುವುದು ನಮ್ಮ ಹಕ್ಕು. ನಿಮ್ಮ ಶಾಲೆಯ ಎಸ್.ಡಿ.ಎಂ.ಸಿ.ಯಲ್ಲಿ ಸಂಘದ ತಾಯಂದಿರು ಇದ್ದೀರಿ. ಮೈದಾನದಲ್ಲಿ ಜಾಲಿಕಂಟಿ ಬೆಳೆದಿದೆಯೇ, ಯಾರಾದರೂ ಕಣ ಮಾಡಿಕೊಂಡಿದ್ದಾರೆಯೇ, ಆಟದ ಸಾಮಾನು ಕಪಾಟಿನಲ್ಲೇ ಇವೆಯೇ, ವೇಳಾಪಟ್ಟಿಯಲ್ಲಿ ಬರೆದ ಆಟದ ಅವಧಿ ನಿಜಕ್ಕೂ ನಡೆಯುತ್ತದೆಯೇ ಎಂದು ಕೇಳಿ, ಠರಾವು ಬರೆಸಿ. ಮೈದಾನ ಸಮತಟ್ಟು ಮಾಡಿಸುವ ಬೇಡಿಕೆಯನ್ನು ಗ್ರಾಮಸಭೆಯಲ್ಲಿ ಇಡಿ. ಉದ್ಯೋಗ ಖಾತರಿಯ ಕೆಲಸದಲ್ಲಿ ಆಟದ ಮೈದಾನ ಮಾಡಿಸಿಕೊಂಡ ಪಂಚಾಯ್ತಿಗಳು ರಾಜ್ಯದಲ್ಲಿ ಇವೆ.

ನಮ್ಮ ಧರ್ಮಕೇಂದ್ರಗಳ ಅಂಗಳಗಳೂ ಖಾಲಿ ಇರುತ್ತವೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ನಮ್ಮ ದೇಹವನ್ನು ಪವಿತ್ರಾತ್ಮರ ಆಲಯ ಎಂದು ಕರೆದಿದ್ದಾರೆ. ಸಂತ ಜಾನ್ ಬೋಸ್ಕೋ ಇಟಲಿಯ ಟ್ಯೂರಿನ್ ನಗರದಲ್ಲಿ ದಿಕ್ಕಿಲ್ಲದ ಹುಡುಗರನ್ನು ಮೊದಲು ಸೇರಿಸಿದ್ದು ಆಟದ ಅಂಗಳದಲ್ಲಿ. ತಾವೂ ನಿಲುವಂಗಿ ಎತ್ತಿ ಕಟ್ಟಿ ಅವರ ಜೊತೆ ಓಡುತ್ತಿದ್ದರು. ಜನವರಿ 31 ಅವರ ಹಬ್ಬ. ಭಾನುವಾರ ಬಲಿಪೂಜೆ, ಧರ್ಮೋಪದೇಶ ಮುಗಿದ ಮೇಲೆ ಅಂಗಳದ ಗೇಟು ಮುಚ್ಚದೆ ಒಂದು ತಾಸು ತೆರೆದಿಟ್ಟರೆ ಓಣಿಯ ಎಲ್ಲಾ ಜಾತಿ, ಧರ್ಮದ ಮಕ್ಕಳು ಬಂದು ಆಡಬಹುದು. ಗುರುಗಳು, ಸಿಸ್ಟರುಗಳು, ಯುವಜನರು ಇದನ್ನು ಮಾತಾಡಿಕೊಳ್ಳಬೇಕು.

ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ತೆಗೆಯಿರಿ. ಹದಿನೈದು ಮಾರು ಹಗ್ಗ, ಎರಡು ಚೆಂಡು, ಗೆರೆ ಹಾಕಲು ಒಂದು ಡಬ್ಬಿ ಸುಣ್ಣ, ಇಷ್ಟು ಇದ್ದರೆ ಓಣಿಯ ಮೂವತ್ತು ಮಕ್ಕಳ ಆಟ ಶುರುವಾಗುತ್ತದೆ. ಹುಡುಗಿಯರ ಗುಂಪಿಗೆ ಊರಿನ ಒಬ್ಬ ಹಿರಿಯ ಹೆಣ್ಣು ಮಗಳು ಮುಂದೆ ನಿಂತರೆ ಮನೆಯವರು ಕಳಿಸಲು ಅಂಜುವುದಿಲ್ಲ. ವಾರದಲ್ಲಿ ಯಾವ ಯಾವ ದಿನ, ಯಾವ ಜಾಗ, ಯಾರ ಉಸ್ತುವಾರಿ ಎಂಬುದನ್ನು ಠರಾವು ಪುಸ್ತಕದಲ್ಲಿ ಬರೆದು, ನಮ್ಮ ಕ್ಷೇತ್ರ ಕಾರ್ಯಕರ್ತರು ಊರಿಗೆ ಬಂದಾಗ ತೋರಿಸಿ. ಊರಿನ ಜಾತ್ರೆಯಲ್ಲಿ ಕುಸ್ತಿ, ಭಾರ ಎತ್ತುವ ಪಂದ್ಯ ಇಡುವಾಗ ಹೆಣ್ಣು ಮಕ್ಕಳ ಓಟಕ್ಕೂ ಒಂದು ಬಹುಮಾನ ಇಡಲು ಜಾತ್ರಾ ಕಮಿಟಿಯ ಹಿರಿಯರಿಗೆ ಈಗಲೇ ಹೇಳಿಡಿ.